ಒದ್ದೆ ಮನುಷ್ಯನ ದೃಶ್ಯ

ಹೆದರಿಕೆಯ ಸಿನಿಮಾಗಳನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಚಿಕ್ಕಂದಿನಲ್ಲಿ ಟೀವಿಯೊಳಗೆ ಶವಪೆಟ್ಟಿಗೆಯ ಮುಚ್ಚಳ ಕಿರ್ರೆಂದರೆ ಸಾಕು, ಸೋಫಾದ ದಿಂಬಿಗೆ ಮುಖ ಒತ್ತಿಕೊಂಡು, ಮುಗಿದ ಮೇಲೆ ಹೇಳು ಎಂದು ತಂಗಿಗೆ ಅಪ್ಪಣೆ ಕೊಡುತ್ತಿದ್ದೆ. ಹಾಗಾಗಿ ನಮ್ಮ ಇಂಗ್ಲೆಂಡಿನ ಹಳೆಯ ದೆವ್ವದ ಸಿನಿಮಾಗಳೆಂದರೆ ನನಗೆ ಗುಡುಗು, ಕುದುರೆಗಾಡಿ, ಗಾಜು ಒಡೆಯುವ ಸದ್ದು, ಹೆಂಗಸರ ಚೀರಾಟ, ಇಷ್ಟೆ. ಕಣ್ಣು ಬಿಟ್ಟು ನೋಡಿದವಳು ಏವಿಸ್. ವಯಸ್ಸಿನಲ್ಲಿ ನನ್ನ ತಂಗಿ, ಧೈರ್ಯದಲ್ಲಿ ನನ್ನಜ್ಜಿ.

ಈಗ ಇಬ್ಬರೂ ಅರವತ್ತು ದಾಟಿದ್ದೇವೆ. ನಮ್ಮೂರು ಗ್ರಿಮ್ಸ್‌ಬಿಯಿಂದ ಮೀನಿನ ಹಡಗುಗಳು ಮಾಯವಾಗಿ ಎಷ್ಟೋ ಕಾಲವಾಯಿತು, ನಾವು ಮಾತ್ರ ಇದ್ದಲ್ಲೇ ಇದ್ದೇವೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಚರ್ಚಿನ ಹಿಂದಿನ ಹಾಲ್‌ನಲ್ಲಿ ಸೇರಿ ಹಳೆಯ ದೆವ್ವದ ಸಿನಿಮಾ ನೋಡುವ ಗುಂಪೊಂದಿದೆ. ‘ದಿಂಬಿನ ಹಿಂದಿನವರು’ ಅಂತ ಅದಕ್ಕೆ ಹೆಸರು. ಇಟ್ಟವಳು ಏವಿಸ್, ನನ್ನನ್ನು ಆಡಿಕೊಳ್ಳಲೆಂದೇ. ಚಹಾ ಕುಡಿಯುತ್ತ, ಸಾಸೇಜ್ ರೋಲ್ ತಿನ್ನುತ್ತ ವೆಲ್ವೆಟ್ ಪರದೆಗಳನ್ನೂ ಬಣ್ಣದ ನೀರಿನಂಥ ರಕ್ತವನ್ನೂ ನೋಡುತ್ತೇವೆ. ಊರಾಚೆಯ ಮಹಲಿಗೆ ಹೋಗಬೇಡಿ ಎಂದು ಹೋಟೆಲಿನವನು ಎಚ್ಚರಿಸುವುದು, ಎಚ್ಚರಿಸಿದ ಮೇಲೂ ಆ ಪೆದ್ದ ದಂಪತಿ ಹೋಗುವುದು, ಇವನ್ನೆಲ್ಲ ಎಷ್ಟು ಸಲ ನೋಡಿದರೂ ನಮಗೆ ಸಾಕಾಗದು. ಯಾಕೆ ಸಾಕಾಗದು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಹಲ್ಲು ನೋವನ್ನು ಯಾರೂ ಎರಡನೆಯ ಸಲ ಕೇಳಿ ಪಡೆಯುವುದಿಲ್ಲ, ಹೆದರಿಕೆಯನ್ನು ಮಾತ್ರ ಬಿಸ್ಕತ್ತಿನ ಜೊತೆ ಕರೆದು ಕೂರಿಸಿಕೊಳ್ಳುತ್ತೇವೆ.

ಗುಂಪಿನ ಯಜಮಾನ ಡೆಸ್ಮಂಡ್, ಭೂಗೋಳ ಕಲಿಸಿ ನಿವೃತ್ತನಾದ ಮೇಷ್ಟ್ರು. ಸಿನಿಮಾಕ್ಕೆ ಮೊದಲು ಯಾರಾದರೂ ಒಬ್ಬರು ತಾವು ಹೆದರಿದ ಕತೆ ಹೇಳಬೇಕೆಂಬುದು ಅವನ ಕಟ್ಟಳೆ. ಅವನದೇ ಕತೆಯೊಂದಿದೆ. ಹದಿನಾರು ತುಂಬದವರಿಗೆ ಬಿಡದ ಸಿನಿಮಾಕ್ಕೆ ಅಪ್ಪನ ಟೋಪಿ ಹಾಕಿಕೊಂಡು, ಮುದುಕನ ಹಾಗೆ ಕೆಮ್ಮುತ್ತ ಒಳನುಗ್ಗಿದ್ದ. ವಾಪಸ್ ಬರುವಾಗ ದರ್ಜಿಯಂಗಡಿಯ ಗಾಜಿನ ಹಿಂದಿನ ತಲೆಯಿಲ್ಲದ ಬೊಂಬೆ ಕಂಡು ಕಾಲಿಗೆ ಬುದ್ಧಿ ಹೇಳಿದ. ಟೋಪಿ ಬಿದ್ದುಹೋಯಿತು. “ಸಿನಿಮಾ ನೋಡಿದ್ದಕ್ಕೆ ಅಪ್ಪ ಏನೂ ಅನ್ಲಿಲ್ಲ, ಟೋಪಿಗೆ ಮಾತ್ರ ಚರ್ಮ ಸುಲಿದ್ರು” ಎಂದು ಪ್ರತಿ ವರ್ಷ ಹೇಳುತ್ತಾನೆ, ನಾವು ಪ್ರತಿ ವರ್ಷ ನಗುತ್ತೇವೆ.

ಏವಿಸ್‌ಳ ಕತೆ ಬಂತೆಂದರೆ ಯಾರೂ ನಗುವುದಿಲ್ಲ. ‘ಥಾರ್ನ್‌ಲೀ ಮಹಲಿನ ವಿಧವೆ’ ಎಂಬ ಸಿನಿಮಾ. ನಾವು ಸಣ್ಣವರಿದ್ದಾಗ ಒಂದು ಶುಕ್ರವಾರ ಟೀವಿಯಲ್ಲಿ ಬಂದಿತ್ತು, ಆಮೇಲೆ ಎಲ್ಲಿಯೂ ಸಿಕ್ಕಿರಲಿಲ್ಲ. ನೀರಲ್ಲಿ ಮುಳುಗಿ ಸತ್ತ ಗಂಡ, ಅವನಿಗಾಗಿ ಕಾಯುವ ವಿಧವೆ, ನೀರು ನಿಂತ ನೆಲಮಾಳಿಗೆ.

“ಅವಳು ಮೆಟ್ಟಿಲಿಳೀತಾಳೆ,” ಎಂದು ಏವಿಸ್ ದನಿ ತಗ್ಗಿಸುತ್ತಾಳೆ. “ಆಗ ಬಾಗಿಲಲ್ಲಿ ಅವನು. ಮೈಯೆಲ್ಲ ನೀರು. ಮುಖಕ್ಕೆ ಕರೀ ಕೆಸರು, ಹಣೆಯಿಂದ ಕೆಂಪಗೆ ರಕ್ತ ಇಳೀತಿದೆ. ಗಡಗಡ ನಡುಗ್ತಿದಾನೆ. ಏನೂ ಮಾತಾಡಲ್ಲ. ಬೆರಳು ತುಟಿ ಮೇಲಿಟ್ಕೊಂಡು, ವಿಧವೇನ ಅಲ್ಲ, ನನ್ನನ್ನೇ ನೋಡ್ತಾನೆ. ನೋಡ್ತಾನೇ ಇರ್ತಾನೆ.”

ಐವತ್ತು ವರ್ಷದಿಂದ ಕೇಳುತ್ತಿದ್ದರೂ ನನಗೆ ಅಲ್ಲಿ ಮೈ ಜುಂ ಅನ್ನುತ್ತದೆ.

ಕಳೆದ ವಸಂತದಲ್ಲಿ ಆ ಸಿನಿಮಾ ಸಿಕ್ಕಿತು. ಯಾರೋ ಪುಣ್ಯಾತ್ಮರು ಹಳೆಯ ಪ್ರತಿಯನ್ನು ಉಜ್ಜಿ ತೊಳೆದು ಡಿಸ್ಕ್ ಮಾಡಿದ್ದರು. ಹಾಲ್ ತುಂಬಿತು. ಏವಿಸ್ ಹೊಸ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಮದುವೆಮನೆಯವಳ ಹಾಗೆ ಕೂತಳು. ವಿಧವೆ ಮೆಟ್ಟಿಲಿಳಿದಳು. “ಈಗ ನೋಡಿ, ಈಗ!” ಎಂದು ಏವಿಸ್ ಕೈಯೆತ್ತಿದಳು. ವಿಧವೆ ನೀರಿಗಿಳಿದು, ಒಂದು ಉಂಗುರ ಎತ್ತಿಕೊಂಡು, ಚೀರಿ ಮೂರ್ಛೆ ಹೋದಳು. ಮುಂದಿನ ದೃಶ್ಯದಲ್ಲಿ ಪಾದ್ರಿ ಕಾಫಿ ಕುಡಿಯುತ್ತಿದ್ದ. ಸಿನಿಮಾ ಮುಗಿಯಿತು. ಒದ್ದೆ ಮನುಷ್ಯ ಬರಲೇ ಇಲ್ಲ.

“ಸತ್ತ ಗಂಡನ್ನ ಒಂದ್ಸಲಾನೂ ತೋರಿಸಲ್ಲ, ಅದೇ ಈ ಸಿನಿಮಾದ ಚೆಂದ,” ಎಂದ ಡೆಸ್ಮಂಡ್. ಪಾಪ, ಸಮಾಧಾನ ಮಾಡಲೆಂದೇ ಅಂದದ್ದು. ಅವನ ಬಾಯಿಗೆ ಸಾಸೇಜ್ ರೋಲ್ ತುರುಕಬೇಕು ಅನ್ನಿಸಿತು ನನಗೆ.

ದಾರಿಯಲ್ಲಿ ಏವಿಸ್ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯ ಗೇಟಿನ ಹತ್ತಿರ ನಿಂತಳು.

“ಬಿಡೇ, ಯಾವುದೋ ಬೇರೆ ಸಿನಿಮಾ ಇರ್ಬೇಕು,” ಅಂದೆ.

“ಬೇರೆ ಯಾವ್ದೇ? ವಿಧವೆ ಅವಳೇ, ಮಹಲು ಅದೇ, ಮೆಟ್ಟಿಲೂ ಅದೇ. ಅವನೊಬ್ಬ ಇಲ್ಲ. ಲೋರ್ನಾ, ಅಮ್ಮಂಗೂ ಹಿಂಗೇ ಅಲ್ವೇನೇ ಶುರುವಾಗಿದ್ದು?”

ಅಮ್ಮನಿಗೆ ಹಾಗೇ ಶುರುವಾಗಿತ್ತು. ಟೀವಿಯೊಳಗೆ ಇದ್ದವರು, ಮನೆಯೊಳಗೆ ಇದ್ದವರು ಎಂಬ ಭೇದ ಅವಳಿಗೆ ಮೊದಲು ಅಳಿಸಿಹೋಯಿತು. ವಾರ್ತೆ ಓದುವವನಿಗೆ ಚಹಾ ಬಗ್ಗಿಸಿಟ್ಟು, ಕುಡಿಯಲೇ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದಳು. ಆಮೇಲೆ ನಮ್ಮ ಹೆಸರುಗಳು ಹೋದವು. ಈಗ ಏವಿಸ್‌ಗೆ ಅಮ್ಮನ ಆಗಿನ ವಯಸ್ಸೇ.

ಏವಿಸ್ ಊರಿನ ಮುದುಕರನ್ನು ಆಸ್ಪತ್ರೆಗೆ, ಅಂಗಡಿಗೆ ಕರೆದೊಯ್ಯುವ ಸಣ್ಣ ಬಸ್ಸು ಓಡಿಸುತ್ತಾಳೆ. ಗಂಡ ಹೋದ ಮೇಲೆ ಅವಳನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವುದು ಆ ಬಸ್ಸೇ. ಮರುದಿನದಿಂದ ರಜೆ ಹಾಕಿದಳು. ತಲೆ ನೆಟ್ಟಗಿಲ್ಲದವಳು ಹತ್ತು ಜನರ ಜೀವ ಹಿಂದೆ ಕೂರಿಸಿಕೊಂಡು ಓಡಿಸಬಾರದು ಅಂದಳು. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರೂ ಕೇಳಲಿಲ್ಲ. “ಅಮ್ಮಂಗೂ ಮೊದ್ಲು ಏನೂ ಇಲ್ಲ ಅಂದಿದ್ರು. ತಿಂಗಳು ನೋಡ್ತೀನಿ. ಆಮೇಲೆ ಕೆಲಸ ಬಿಟ್ಟು, ಮನೆ ಮಾರಿ ಮುದುಕರ ಮನೆ ಸೇರ್ತೀನಿ. ನಿನ್ನ ಕೈಲಿ ತೊಳೆಸ್ಕೊಳ್ಳೋ ಗತಿ ನಂಗೆ ಬೇಡ.” ಎಲ್ಲರ ಮೇಲೂ ಜಬರ್ದಸ್ತು ಮಾಡುವ ನನ್ನ ತಂಗಿ ಒಲೆ ಆರಿಸಿದೆನೋ ಇಲ್ಲವೋ ಎಂದು ತಿರುತಿರುಗಿ ನೋಡತೊಡಗಿದಳು. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಒಂದು ಸಿನಿಮಾದ ಒಂದು ದೃಶ್ಯ ಇಷ್ಟು ಗಟ್ಟಿ ಹೆಂಗಸನ್ನು ಕೆಡವುವುದೆಂದರೇನು?

ಆ ದೃಶ್ಯ ಎಲ್ಲಿಂದಲೋ ಬಂದಿರಲೇಬೇಕು. ಎಲ್ಲಿಂದ ಎಂಬುದನ್ನು ಹುಡುಕದೆ ಬಿಡಬಾರದೆಂದು ಹಟ ಹಿಡಿದೆ. ಡೆಸ್ಮಂಡ್‌ನನ್ನು ಹಿಡಿದುಕೊಂಡೆ. ಅವನಿಗೋ ಇಂಥದ್ದೆಂದರೆ ಹಬ್ಬ.

“ಮೂರು ದಾರಿ ಇದೆ ನೋಡಿ,” ಎಂದ. “ಸೆನ್ಸಾರಿನವರು ಕತ್ತರಿ ಹಾಕಿರಬಹುದು. ಇಲ್ಲಾ, ಆ ಕಾಲದಲ್ಲಿ ಹೊರದೇಶಕ್ಕೆ ಅಂತ ಖಾರ ಜಾಸ್ತಿ ಮಾಡಿ ಬೇರೆ ದೃಶ್ಯ ತೆಗೀತಿದ್ರು, ಅದು ಹೆಂಗೋ ನಮ್ಮ ಟೀವಿಗೆ ಬಂದಿರಬಹುದು. ಅದೂ ಅಲ್ಲ ಅಂದ್ರೆ...”

“ಮೂರನೇದು ಹೇಳ್ಬೇಡಿ.”

“ಹೇಳಲ್ಲ ಬಿಡಿ.”

ಎಲ್ಲೆಲ್ಲಿಂದಲೋ ಹೊರದೇಶದ ಪ್ರತಿ ತರಿಸಿದ. ಅದರಲ್ಲಿ ವಿಧವೆಯ ಭುಜ ಸ್ವಲ್ಪ ಹೆಚ್ಚು ಕಂಡಿತು, ರಕ್ತ ಒಂದು ಬಟ್ಟಲು ಜಾಸ್ತಿ ಹರಿಯಿತು. ಒದ್ದೆ ಮನುಷ್ಯನ ಸುಳಿವಿಲ್ಲ. ಸೆನ್ಸಾರಿನವರು ಕಿತ್ತ ತುಣುಕುಗಳೂ ಆ ಡಿಸ್ಕ್‌ನ ಕೊನೆಯಲ್ಲೇ ಇದ್ದವು. ಅಲ್ಲೂ ಇಲ್ಲ. ಡೆಸ್ಮಂಡ್ ಕನ್ನಡಕ ಒರೆಸುತ್ತ ಕೂತ. ಮೂರನೆಯ ದಾರಿ ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಆಗ ನನಗೊಂದು ಯೋಚನೆ ಹೊಳೆಯಿತು. ನಾನೂ ಆ ದಿನ ಅದೇ ಸೋಫಾದ ಮೇಲೆ ಇದ್ದವಳು ತಾನೇ? ಕಣ್ಣು ಕೊಡಲಿಲ್ಲ, ಕಿವಿ ಕೊಟ್ಟಿದ್ದೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಡಿಸ್ಕ್ ಹಾಕಿ, ಸೋಫಾದ ಮೇಲೆ ಮಂಡಿಯೂರಿ, ದಿಂಬಿಗೆ ಮುಖ ಒತ್ತಿ, ಹನ್ನೊಂದು ವರ್ಷದವಳ ಹಾಗೆ ಕೇಳಿದೆ. ಅಂಚೆಯವನು ಕಿಟಕಿಯಿಂದ ಇಣುಕಿದ್ದರೆ ಏವಿಸ್‌ಗಿಂತ ಮೊದಲು ನನ್ನನ್ನೇ ಆಸ್ಪತ್ರೆಗೆ ಸೇರಿಸುತ್ತಿದ್ದ.

ಎಲ್ಲಾ ವಾಪಸ್ ಬಂತು ನೋಡಿ! ಗುಡುಗು ಬಂತು, ಕುದುರೆ ಕೆನೆಯಿತು, ಮಹಲಿನ ಬಾಗಿಲು ಧಡಾರಂದಿತು. ವಿಧವೆಯ ಹೆಜ್ಜೆ ಮೆಟ್ಟಿಲಿನ ಮೇಲೆ ಟಕ್ ಟಕ್. ಈಗ ಬರಬೇಕು ಆ ಸದ್ದು ಎಂದು ನಾನು ಉಸಿರು ಬಿಗಿಹಿಡಿದೆ. ಬರಲಿಲ್ಲ. ನನ್ನ ಕಿವಿ ಕಾಯುತ್ತಿದ್ದದ್ದು ಒಂದು ಎಳೆದಾಟದ ಸದ್ದಿಗೆ. ನೀರು ಕುಡಿದು ಉಬ್ಬಿದ ಮರದ ಬಾಗಿಲನ್ನು ನೆಲದ ಮೇಲೆ ಕರಕರ ದೂಡುವ ಸದ್ದು. ಆಮೇಲೆ ತೊಟ್ ತೊಟ್ ನೀರು. ಸಿನಿಮಾದ ಬಾಗಿಲುಗಳೆಲ್ಲ ಗುಡುಗಿದ ಹಾಗೆ ಮುಚ್ಚಿಕೊಳ್ಳುತ್ತವೆ, ಒಂದೂ ನೆಲಕ್ಕೆ ಉಜ್ಜುವುದಿಲ್ಲ. ನೆಲಕ್ಕೆ ಉಜ್ಜುತ್ತಿದ್ದದ್ದು ನಮ್ಮ ಮನೆಯ ಹಿಂಬಾಗಿಲು. ಅದನ್ನು ಕೆತ್ತಿಸಿ ಕೆತ್ತಿಸಿ ಅಪ್ಪನಿಗೆ ಸಾಕಾಗಿತ್ತು.

ದಿಂಬಿನಿಂದ ಮುಖ ಎತ್ತಿದೆ. ಇನ್ನೊಂದು ಮಾತು ತಾನಾಗಿ ತಲೆಗೆ ಬಂತು. ಹಣೆಯಿಂದ ಕೆಂಪಗೆ ರಕ್ತ ಇಳಿಯುತ್ತಿತ್ತು ಎಂದು ಏವಿಸ್ ಪ್ರತಿ ಸಲ ಹೇಳುತ್ತಾಳೆ. ನಮ್ಮ ಮನೆಯ ಟೀವಿ ಕಪ್ಪು-ಬಿಳುಪಿನದು. ಅದರಲ್ಲಿ ರಕ್ತ ಯಾವತ್ತೂ ಕಪ್ಪಗೇ ಹರಿದದ್ದು.

ಅಯ್ಯೋ ದೇವರೇ, ಎಂದು ಗಟ್ಟಿಯಾಗಿಯೇ ಅಂದೆ. ಆ ಮನುಷ್ಯ ಟೀವಿಯೊಳಗೆ ಇರಲೇ ಇಲ್ಲ.

ಆ ಶುಕ್ರವಾರ ಮನೆಯಲ್ಲಿ ನಮ್ಮ ಜೊತೆ ಇದ್ದವರಲ್ಲಿ ಈಗ ಉಳಿದಿರುವುದು ಅಮ್ಮನ ತಂಗಿ ಐವಿ ಒಬ್ಬಳೇ. ತೊಂಬತ್ತಕ್ಕೆ ಹತ್ತಿರ, ನಾಲಿಗೆ ಇನ್ನೂ ಚುರುಕು. ಪಕ್ಕದೂರು ಕ್ಲೀಥಾರ್ಪ್ಸ್‌ನಲ್ಲಿ ಅವಳ ಕೋಣೆಯ ಕಿಟಕಿ ತುಂಬ ಸಮುದ್ರ, ಅವಳ ಕುರ್ಚಿ ಮಾತ್ರ ಅದಕ್ಕೆ ಬೆನ್ನು ಹಾಕಿ. ಅವಳಿಗಿಷ್ಟವೆಂದು ಕರಿದ ಹ್ಯಾಡಕ್ ಮೀನು, ಚಿಪ್ಸ್ ಕಟ್ಟಿಸಿಕೊಂಡು ಹೋದೆ.

“ಚಿಕ್ಕಮ್ಮಾ, ಆ ವಿಧವೆ ಬಂದ ದಿನ ನೀನು ನಮ್ಮನೇಲಿದ್ದೆ ಅಲ್ವಾ?”

“ಯಾವ ವಿಧವೆ? ನಿಮ್ಮ ಬೀದೀಲಿ ಎಷ್ಟು ವಿಧವೇರು ಬೇಕಿತ್ತು ನಿಂಗೆ?”

“ಟೀವೀಲಿ ಬಂದೋಳು. ಆವತ್ತು ಹಿಂಬಾಗಿಲು ತೆಗೆದು ಬಂದೋರು ಯಾರು?”

ಚಿಕ್ಕಮ್ಮನ ಕೈ ಚಿಪ್ಸ್ ಮೇಲೇ ನಿಂತಿತು. “ತಿನ್ನೋಕೆ ಬಿಡ್ತೀಯೋ ಇಲ್ವೋ?”

“ತಿನ್ನು. ಏವಿಸ್‌ಗೆ ಹುಚ್ಚು ಹಿಡೀತು ಅಂತ ಅವಳೇ ನಂಬಿ ಕೂತಿದಾಳೆ. ಕೆಲಸ ಬಿಡ್ತಾಳಂತೆ, ಮನೆ ಮಾರ್ತಾಳಂತೆ. ನೀನು ನಿಧಾನಕ್ಕೆ ತಿನ್ನು.”

ತಿನ್ನಲಿಲ್ಲ. ಕಾಗದ ಮಡಚಿ ಪಕ್ಕಕ್ಕಿಟ್ಟಳು.

“ಆವತ್ತು ನಿಮ್ಮಪ್ಪನ ಮೀನಿನ ಹಡಗು ಹೊರಡೋ ದಿನ. ಸಂಜೆ ಉಬ್ಬರಕ್ಕೆ ಹೋಗ್ಬೇಕಿತ್ತು, ಅದೇನೋ ತಡ ಆಯ್ತು, ಕತ್ತಲಾಯ್ತು. ಅವನು ಹೋಗಿದ್ದ. ನಿಮ್ಮಮ್ಮ ಕಲ್ಲಿದ್ದಲು ತರೋಕೆ ಹಿತ್ತಲಿಗೆ ಹೋದ್ಳು. ತಂತಿ ಮೇಲೆ ಒಂದು ಗೊಂಬೆ ಲಂಗ. ಅಂಗೈಯಷ್ಟು. ಇನ್ನೂ ನೀರು ತೊಟ್ಟಿಕ್ತಾ ಇದೆ. ನಿನ್ನ ತಂಗಿ ಒಗೆದು ಹಾಕಿದ್ಲು.”

ಹಡಗು ಹೊರಡುವ ದಿನ ನಮ್ಮ ಬೀದಿಯಲ್ಲಿ ಯಾರೂ ಬಟ್ಟೆ ನೀರಿಗೆ ಹಾಕುತ್ತಿರಲಿಲ್ಲ. ಹಾಕಿದರೆ ಮನೆಯ ಗಂಡಸನ್ನು ಅಲೆ ಎತ್ತಿಕೊಂಡು ಹೋಗುತ್ತದೆ. ಕೈ ಬೀಸಿ ಕಳಿಸುವಂತಿಲ್ಲ, ಹೆಂಗಸರು ಹಡಗುಕಟ್ಟೆಯ ಕಡೆ ತಲೆ ಹಾಕುವಂತಿಲ್ಲ. ಈಗ ಇದನ್ನೆಲ್ಲ ನಂಬುತ್ತೇನೆಯೇ ಎಂದು ಕೇಳಬೇಡಿ. ಆಗ ಬೀದಿಯೇ ನಂಬಿತ್ತು.

“ಗೊಂಬೇದು ಕಣೇ, ಸಮುದ್ರ ಬೇಕಾದ್ರೆ ಗೊಂಬೇನ ಒಯ್ಲಿ ಬಿಡು ಅಂದೆ ನಾನು. ಕೇಳ್ಬೇಕಲ್ಲ! ಮನೆ ಚಪ್ಪಲೀಲೇ ಓಡಿದ್ಲು. ಹಡಗು ಆಗ್ಲೇ ಕಟ್ಟೆಯಿಂದ ಸಮುದ್ರಕ್ಕೆ ಹೋಗೋ ಬಾಗಿಲು ದಾಟ್ತಾ ಇತ್ತಂತೆ. ಅವನ ಹೆಸರು ಹಿಡಿದು ಕೂಗಿದ್ಲು. ಅಲ್ಲಿ ಅವಳನ್ನ ಕಂಡು ನಿಮ್ಮಪ್ಪ ಏನಂದ್ಕೊಂಡ ಗೊತ್ತಾ ಮರಿ? ಮಕ್ಕಳಲ್ಲಿ ಒಂದು ಹೋಯ್ತು ಅಂತ. ಇಲ್ಲಾಂದ್ರೆ ಹೆಂಗಸು ಅಲ್ಲಿಗೆ ಯಾಕೆ ಬರ್ತಾಳೆ? ಹಾರೇ ಬಿಟ್ಟ. ಕಟ್ಟೆ ಗೋಡೆ ಕೈಗೆ ಸಿಗ್ಲಿಲ್ಲ. ಹಣೆ ಹೊಡ್ಕೊಂಡು ಎಣ್ಣೆ ಕೆಸರಿನ ನೀರಿಗೆ ಬಿದ್ದ. ಅಲ್ಲಿದ್ದೋರು ಎಳೆದು ಹಾಕಿದ್ರು.”

“ಆಮೇಲೆ?”

“ಇಬ್ರೂ ಚೆನ್ನಾಗಿದಾರೆ ಅಂತ ಇವಳು ದಾರಿಯುದ್ದಕ್ಕೂ ಬಡ್ಕೊಂಡ್ಲಂತೆ. ನಂಬ್ಲಿಲ್ಲ ಅವನು. ಬಂದೋನೇ ಟೀವಿ ಇದ್ದ ಕೋಣೆ ಬಾಗಿಲಲ್ಲಿ ನಿಂತ. ನೀನು ದಿಂಬಲ್ಲಿ ಮುಖ ಹೂತು ಅಂಡು ಮೇಲೆ ಮಾಡ್ಕೊಂಡಿದ್ದೆ. ಏವಿಸ್ ತಿರುಗಿ ನೋಡಿದ್ಲು. ನಾನು ಕಿರುಚೋಕೆ ಬಾಯಿ ತೆಗೆದೆ, ಬೇಡ ಅಂತ ಬೆರಳು ತುಟಿ ಮೇಲಿಟ್ಟ. ಸುಮ್ನೆ ನಿಂತು ನಿಮ್ಮಿಬ್ರನ್ನ ನೋಡ್ದ. ಅಷ್ಟು ಹೊತ್ತು ಮನುಷ್ಯ ಮನುಷ್ಯನ್ನ ನೋಡೋದು ನಾನು ಬೇರೆ ಕಂಡಿಲ್ಲ.”

ಹಡಗಿಗೆ ಏನೂ ಆಗಲಿಲ್ಲ. ಮೂರು ವಾರ ಬಿಟ್ಟು ಹೊಟ್ಟೆ ತುಂಬ ಮೀನು ಹೊತ್ತು ಬಂತು. ಅಪ್ಪ ಕುಡಿದು ಬಿದ್ದನೆಂದು ಊರು ಆಡಿಕೊಂಡಿತು, ಅಪ್ಪ ಹೂಂ ಅಂದ. ಕಟ್ಟೆ ದಾಟುವ ಮೊದಲೇ ಹಡಗಿನಿಂದ ಬೀಳುವವನನ್ನು ಯಾವ ಕಪ್ತಾನನೂ ಮತ್ತೆ ಸೇರಿಸಿಕೊಳ್ಳಲಿಲ್ಲ. ಅಪ್ಪ ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಹೊರುವವನಾದದ್ದು ಬೆನ್ನುನೋವಿನಿಂದ ಎಂದು ನಾವು ನಂಬಿದ್ದೆವು. ಬೆನ್ನುನೋವಿನವನು ಪೆಟ್ಟಿಗೆ ಹೇಗೆ ಹೊತ್ತಾನು ಎಂದು ನನಗೆ ಒಂದು ದಿನವೂ ತೋಚಲಿಲ್ಲ ನೋಡಿ.

“ಒದ್ದೆ ಮನುಷ್ಯ ಬಂದಿದ್ದ ಅಂತ ಬೆಳಿಗ್ಗೆ ಎದ್ದು ಒಂದೇ ಸಮ ಅತ್ಲು ಏವಿಸ್. ಅದು ಸಿನಿಮಾ ಕಂದಾ, ಬರೀ ಸಿನಿಮಾ ಅಂದ್ಳು ನಿಮ್ಮಮ್ಮ. ಲಂಗದ ವಿಷಯ ಮಗೂಗೆ ಗೊತ್ತಾಗ್ಬಾರ್ದು ಅಂತ ಅವರಿಬ್ರೂ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು.” ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. “ಹೇಳ್ಬೇಡ ಕಣೇ ಅವಳಿಗೆ.”

“ಹೇಳ್ದಿದ್ರೆ ತಲೆ ಕೆಟ್ಟಿದೆ ಅಂದ್ಕೊಂಡೇ ಸಾಯ್ತಾಳೆ.”

“ಹೇಳಿದ್ರೆ ಅಪ್ಪನ ಸಮುದ್ರ ಕಿತ್ಕೊಂಡೋಳು ನಾನು ಅಂದ್ಕೊಂಡು ಸಾಯ್ತಾಳೆ. ಯಾವ್ದು ವಾಸಿ?”

ಬಸ್ಸಿನಲ್ಲಿ ವಾಪಸ್ ಬರುವಾಗ ಅದನ್ನೇ ಯೋಚಿಸಿದೆ. ಬರೀ ಸಿನಿಮಾ ಎಂದು ಈ ದೇಶದ ಪ್ರತಿ ಮನೆಯ ತಾಯಿ ಹೇಳಿರುತ್ತಾಳೆ. ಅದನ್ನು ಸುಳ್ಳಾಗಿ ಹೇಳಿದವಳು ನಮ್ಮಮ್ಮ ಒಬ್ಬಳೇ ಇರಬೇಕು. ಆ ಸುಳ್ಳು ಎಂಟು ವರ್ಷದ ಮಗುವಿಗೆ ಹೊದಿಕೆಯಾಗಿತ್ತು, ಅರವತ್ತರ ಹೆಂಗಸಿನ ಉಸಿರು ಕಟ್ಟಿಸುತ್ತಿದೆ. ಅಮ್ಮ ಬದುಕಿದ್ದರೆ ಅವಳೇ ಹೇಳುತ್ತಿದ್ದಳು ಅಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು.

ಮರುದಿನ ಬೆಳಿಗ್ಗೆ ಹೋದಾಗ ಏವಿಸ್ ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡು ನಿಂತಿದ್ದಳು. ಮೇಜಿನ ಮೇಲೆ ಬಸ್ಸಿನ ಬೀಗದ ಕೈ.

“ಕೊಟ್ಟು ಬರ್ತೀನಿ. ತಡೀಬೇಡ ನನ್ನ,” ಅಂದಳು.

“ತಡೆಯಲ್ಲ. ಮೊದ್ಲು ಕೂತ್ಕೋ. ಒದ್ದೆ ಮನುಷ್ಯ ಸಿಕ್ಕಿದ.”

ಹೇಳಿದೆ. ಬಾಗಿಲ ಸದ್ದು, ಕೆಂಪು ರಕ್ತ, ಹಡಗುಕಟ್ಟೆ, ಯಾವುದನ್ನೂ ಬಿಡಲಿಲ್ಲ. ಲಂಗದ ಮಾತನ್ನೂ ನುಂಗಲಿಲ್ಲ. ಏವಿಸ್ ಅಲ್ಲಾಡದೆ ಕೇಳಿದಳು.

“ನೀಲಿ ಲಂಗ,” ಎಂದಳು ಕೊನೆಗೆ. “ಜ್ಯಾಮ್ ಚೆಲ್ಲಿತ್ತು. ಒಗೆದಿದ್ದು ನೆನಪಿದೆ. ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ.”

“ನಮ್ಮೆಲ್ರಿಗಿಂತ ಸರಿಯಾಗಿದೆ. ಊರಿಗೆ ಊರೇ ಕುಡಿದು ಬಿದ್ದ ಅಂದ್ಕೊಂಡಿತ್ತು. ನಡೆದದ್ದನ್ನ ನಡೆದ ಹಾಗೆ ಇಟ್ಕೊಂಡೋಳು ನೀನೊಬ್ಳೇ.”

“ಅಪ್ಪಂಗೆ ಮತ್ತೆ ಹಡಗಿಗೆ ಹೋಗ್ಬೇಕು ಅಂತ ಇತ್ತೇನೇ?”

“ಗೊತ್ತಿಲ್ಲ ಏವಿಸ್. ನಿಜವಾಗ್ಲೂ ಗೊತ್ತಿಲ್ಲ. ದಿನಾ ಮಧ್ಯಾಹ್ನ ಊಟಕ್ಕೆ ಮನೇಲಿರ್ತಿದ್ದ, ಅದು ಗೊತ್ತು. ನಮ್ಮ ಬೀದೀಲಿ ಎಷ್ಟು ಮನೆಗಳಲ್ಲಿ ಅಪ್ಪನ ಕುರ್ಚಿ ಖಾಲಿ ಇತ್ತು, ಅದೂ ಗೊತ್ತು.”

ತಲೆಯಾಡಿಸಿದಳು. ಬಿಡುಗಡೆಯಾಯಿತು ಎಂದು ನಾನು ಉಸಿರು ಬಿಟ್ಟೆ. ನಗುತ್ತಾಳೆ, ನನ್ನನ್ನು ಬೈಯುತ್ತಾಳೆ, ಬೀಗದ ಕೈ ಎತ್ತಿಕೊಂಡು ಎಂದಿನಂತೆ ಬಸ್ಸಿಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಐವತ್ತು ವರ್ಷ ಎಂಥೆಂಥ ದೆವ್ವ ನೋಡಿದರೂ ಅಳದ ನನ್ನ ತಂಗಿ ಬಿಕ್ಕಿ ಬಿಕ್ಕಿ ಅತ್ತಳು.

“ನಾನು ಬದುಕಿದೀನಾ ಅಂತ ನೋಡೋಕೆ ನೀರಿಂದ ಎದ್ದು ಬಂದಿದ್ದ ಕಣೇ,” ಅಂದಳು. “ಅಪ್ಪನ್ನ ನೋಡಿ ಹೆದರಿ, ನಾನು ಕಣ್ಣು ಮುಚ್ಕೊಂಡ್ಬಿಟ್ಟೆ.”